ಆರು ಕೋಲಿಗೆ ಒಂದು ಮಾತು

“ಕಲ್ಲುಮಣ್ಣಿನ ಬುಟ್ಟಿ ಬಾವಿಯ ಬಾಯಿಗೆ ಬಂದದ್ದು ನನಗೆ ಸರಿಯಾಗಿ ನೆನಪುಂಟು. ಎಡಗೈಯಲ್ಲಿ ಕಂಬ ಹಿಡಿದುಕೊಂಡು ಬಲಗೈ ಚಾಚಿದ್ದೆ. ಬುಟ್ಟಿ ಒಂದು ಸುತ್ತು ತಿರುಗಿತು. ಅದು ಯಾವಾಗಲೂ ತಿರುಗ್ತದೆ, ಹೊಸತಲ್ಲ. ತಿರುಗಿದ್ದು ಅಡ್ಡ ಮರಕ್ಕೆ ತಾಗಿತು. ಮೇಲೆ ಒಂದು ಕಲ್ಲಿತ್ತು, ಸುಲಿದ ತೆಂಗಿನಕಾಯಿಯಷ್ಟು. ಅದು ವಾಲಿತು. ವಾಲಿದ್ದನ್ನು ನೋಡಿದೆ, ಕೈ ಹಾಕಿದೆ, ಸಿಕ್ಕಲಿಲ್ಲ. ಕೈ ಹಾಕುವಾಗಲೇ ಕೂಗಿದ್ದೇನೆ. ಕೈಯ ಕೆಲಸ ಕೈ ಮಾಡ್ತದೆ, ಬಾಯಿಯ ಕೆಲಸ ಬಾಯಿ ಮಾಡ್ತದೆ. ಕೂಗಲಿಕ್ಕೆ ಕೈ ಬೇಕಾ? ‘ಗೂಡು’ ಅಂತ ಕೂಗಿದೆ, ಗಂಟಲು ಹರಿಯುವ ಹಾಗೆ. ಆಮೇಲೆ ಕೆಳಗೆ ಶಬ್ದ ಆಯಿತು. ಅಷ್ಟೇ. ನಡುವೆ ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ ಅಂತ ಹೇಳ್ತಾರೆ. ನಿಂತದ್ದು ಹೌದಾದರೆ ನನ್ನ ನಾಲಗೆ ಬಿದ್ದು ಹೋಗಲಿ. ಬೇಕಾದರೆ ನಡೆಯಿರಿ ಧರ್ಮಸ್ಥಳಕ್ಕೆ, ಆಣೆ ಹಾಕ್ತೇನೆ. ಕೆಳಗಿದ್ದದ್ದು ಬೇರೆ ಯಾರದ್ದೋ ಮಗ ಅಲ್ಲ. ನಾನು ಹೆತ್ತದ್ದು. ನಾನು ಯಾಕೆ ತಡ ಮಾಡ್ಲಿ?”

ಮೊದಲ ವರ್ಷ ಪೂವಮ್ಮ ಈ ಮಾತನ್ನು ಎದುರು ಸಿಕ್ಕಿದವರಿಗೆಲ್ಲ ಹೇಳಿದಳು. ಮಗನ ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟಕ್ಕೆ ಬಂದವರಿಗೆ ಹೇಳಿದಳು. ಸಿದ್ದಕಟ್ಟೆಯ ಸಂತೆಯಲ್ಲಿ ಹೇಳಿದಳು, ಮೀನು ಹೊತ್ತು ತರುವ ಹೆಂಗಸಿಗೂ ಹೇಳಿದಳು. ಎಲ್ಲರೂ ಕೇಳಿ, ಪಾಪ ಎಂದು ತಲೆಯಾಡಿಸಿ, ಅಂಗಳ ದಾಟಿದ ಮೇಲೆ ಬೇರೆ ಮಾತಾಡಿಕೊಳ್ಳುತ್ತಿದ್ದರು. ಎರಡನೆಯ ವರ್ಷಕ್ಕೆ ಕೇಳುವವರು ಕಡಿಮೆಯಾದರು. ಆಮೇಲೆ ಅವಳೇ ಹೇಳುವುದನ್ನು ಬಿಟ್ಟಳು. ಆದರೆ ಅರೆಯುವ ಕಲ್ಲಿನ ಮುಂದೆ ಕೂತಾಗ ಅವಳ ತುಟಿ ಆಡುತ್ತಿದ್ದುದನ್ನು ನೋಡಿದವರಿದ್ದಾರೆ. ಅರೆಯುವ ಕಲ್ಲು ಮಾತ್ರ ಅವಳನ್ನು ನಡುವೆ ತಡೆಯದೆ ಪೂರ್ತಿ ಕೇಳುತ್ತಿತ್ತು.

ಅವಳ ಗಂಡ ಸಂಕಪ್ಪ ಬಾವಿ ತೋಡುವವನು. ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ, ಇತ್ತ ಮೂಡುಬಿದಿರೆಯವರೆಗೆ, ಬಾವಿ ಎಂದರೆ ಅವನಿಗೇ ಹೇಳಿಕೆ ಹೋಗುತ್ತಿತ್ತು. ಕೆಂಪು ಮುರಕಲ್ಲು ಎಲ್ಲಿ ಮುಗಿಯುತ್ತದೆ, ಜೇಡಿ ಎಲ್ಲಿ ಸಿಗುತ್ತದೆ, ಗೋಡೆ ಯಾವ ಕಡೆಯಿಂದ ಕುಸಿಯಬಹುದು ಎಂಬುದೆಲ್ಲ ಅವನಿಗೆ ಅಂಗೈಯ ಗೆರೆಯಂತೆ ತಿಳಿದಿತ್ತು. ಅವನ ಬಾವಿಯಲ್ಲಿ ಆಳು ಸಾಯುವುದಿಲ್ಲ ಎಂಬ ಮಾತೇ ಇತ್ತು. ಅದಕ್ಕೆ ಕಾರಣ ಅವನ ಪದ್ಧತಿ. ಬಾವಿ ಇಳಿದಂತೆಲ್ಲ ಅವನು ಗೋಡೆಯಲ್ಲಿ ಒಂದು ಗೂಡು ಕೊರೆಯುತ್ತಿದ್ದ, ಇಬ್ಬರು ಬೆನ್ನು ಆನಿಸಿ ನಿಲ್ಲುವಷ್ಟು. ಬುಟ್ಟಿಯಿಂದ ಏನಾದರೂ ಜಾರಿದರೆ ಮೇಲೆ ನಿಂತವರು ‘ಗೂಡು’ ಎಂದು ಕೂಗಬೇಕು. ಅದೊಂದೇ ಮಾತು. ಕಲ್ಲು ಬಿತ್ತು, ಜಾಗ್ರತೆ ಎಂದೆಲ್ಲ ರಾಗ ಎಳೆಯಬಾರದು. ಕೂಗು ಕೇಳಿದ ಕೂಡಲೇ ಕೆಳಗಿದ್ದವರು ಗೂಡಿಗೆ ಸೇರಬೇಕು.

ಸೇರಲಿಕ್ಕೆ ಎಷ್ಟು ಹೊತ್ತು ಉಂಟು ಎಂಬುದಕ್ಕೂ ಅವನಲ್ಲಿ ಲೆಕ್ಕವಿತ್ತು. ಪ್ರಾಯದ ಕಾಲದಲ್ಲಿ, ಫರಂಗಿಪೇಟೆಯಲ್ಲಿ ಯಾರದೋ ಹಿತ್ತಿಲಿನ ಬಾವಿ ಆರು ಕೋಲು ಇಳಿದಾಗ, ಅವನು ಅಡಿಯಲ್ಲಿ ಗೂಡಿನೊಳಗೆ ನಿಂತು ಮೇಲಿನಿಂದ ಒಂದು ಕಲ್ಲು ಬಿಡಿಸಿ ನೋಡಿದ್ದ. ‘ಸ್ವಾಮಿ ಮಂಜುನಾಥ’ ಎಂದು ಒಮ್ಮೆ ಹೇಳಿ ಮುಗಿಸುವಾಗ ಕಲ್ಲು ನೆಲಕ್ಕೆ ಬಿತ್ತು. ಅಂದಿನಿಂದ ಅವನದ್ದು ಆರು ಕೋಲಿಗೆ ಒಂದು ಮಾತು. ಹನ್ನೆರಡು ಕೋಲಿಗೆ ಎರಡು. ಕೋಲೆಂದರೆ ಎರಡೂವರೆ ಅಡಿ. ಆ ಕಡೆಯ ಬಾವಿಗಳಿಗೆ ಹತ್ತು ಹನ್ನೆರಡು ಕೋಲಿಗೆಲ್ಲ ನೀರು ಸಿಗುತ್ತಿದ್ದುದರಿಂದ ಲೆಕ್ಕವನ್ನು ಅದಕ್ಕಿಂತ ಆಳಕ್ಕೆ ಒಯ್ಯುವ ಸಂದರ್ಭ ಬರಲಿಲ್ಲ. ನೀರು ಬಂದ ಬಾವಿಗೆ ಕಲ್ಲು ಹಾಕಿ ನೋಡುವುದಂತೂ ಯಾರೂ ಮಾಡುವ ಕೆಲಸವಲ್ಲ. ಕುಡಿಯುವ ನೀರಿಗೆ ಕಲ್ಲೆಸೆದ ಮಕ್ಕಳ ಕೈಗೆ ಬೆತ್ತದ ಪೆಟ್ಟು ಬೀಳುತ್ತಿದ್ದ ಕಾಲ ಅದು.

ಅವನಿಗೆ ಸ್ವಂತ ಬಾವಿ ಇರಲಿಲ್ಲ. ಮನೆ ಇದ್ದದ್ದು ಪದವಿನ ಮೇಲೆ, ಒಣ ಮುರಕಲ್ಲಿನ ಬಯಲಿನಲ್ಲಿ. ನೀರಿಗೆ ಗುಡ್ಡ ಇಳಿದು ತೋಡಿಗೆ ಹೋಗಬೇಕು, ಬೇಸಗೆಯಲ್ಲಿ ತೋಡು ಬತ್ತಿದರೆ ಇನ್ನೂ ಆಚೆ. ಮದುವೆಯಾಗಿ ಬಂದಂದಿನಿಂದ ಕೊಡಪಾನ ಹೊತ್ತು ಪೂವಮ್ಮನ ಸೊಂಟದ ಒಂದು ಮಗ್ಗುಲು ತಗ್ಗಾಗಿತ್ತು. ಊರಿಗೆಲ್ಲ ನೀರು ಕೊಡುವವರು, ನಮಗೂ ಒಂದು ತೋಡುವ ಎಂದು ಅವಳು ಕೇಳುತ್ತಲೇ ಇದ್ದಳು. ಮಗ ಧರ್ಣಪ್ಪ ದುಡಿಯುವ ಪ್ರಾಯಕ್ಕೆ ಬಂದ ಮೇಲೆ, ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷದ ಬೇಸಗೆಯಲ್ಲಿ, ಅಪ್ಪ ಮಗ ಸೇರಿ ಮನೆಯ ಹಿಂದೆ ಬಾವಿ ತೋಡಲಿಕ್ಕೆ ಹಿಡಿದರು. ನೆರೆಯ ತುಕ್ರಪ್ಪ ಹಗ್ಗ ಎಳೆಯಲಿಕ್ಕೆ ಬಂದ. ಬುಟ್ಟಿ ಹಿಡಿದು ಪಕ್ಕಕ್ಕೆ ಎಳೆದು ಸುರಿಯುವುದು ಪೂವಮ್ಮನ ಪಾಲಿಗೆ.

ಪದವಿನ ಬಾವಿಗೆ ಆಳ ಹೆಚ್ಚು. ಹನ್ನೆರಡು ಕೋಲು ದಾಟಿತು, ಹದಿನೆಂಟು ದಾಟಿತು, ನೀರಿನ ಸುಳಿವಿಲ್ಲ. ಧರ್ಣಪ್ಪನಿಗೆ ಒಳಗೊಳಗೆ ಭಯವಿದ್ದಿರಬೇಕು. ಒಂದು ದಿನ ಗಂಜಿಗೆ ಕೂತಾಗ, ಇಷ್ಟು ಕೆಳಗೆ ಕಲ್ಲು ಬಿದ್ದರೆ ಎಂದು ಕೇಳಿದ. ಸಂಕಪ್ಪ ನಕ್ಕ.

“ಆಳ ಆದಷ್ಟೂ ನಮಗೇ ಒಳ್ಳೇದಲ್ವಾ ಮಾರಾಯ. ಇಪ್ಪತ್ತನಾಲ್ಕು ಕೋಲಿಗೆ ನಾಲ್ಕು ಮಂಜುನಾಥ ಉಂಟು. ಅಮ್ಮ ಕೂಗಿದರೆ ಅವಸರ ಮಾಡ್ಬೇಡ. ಅಗೆಯುವ ಪಿಕ್ಕಾಸನ್ನು ನೆಲದಲ್ಲಿ ಬಿಡಬಾರದು, ಮೊದಲು ಗೋಡೆಗೆ ಒರಗಿಸು. ಅದಕ್ಕೆ ಒಂದು. ಗೂಡಿಗೆ ನಡೆಯಲಿಕ್ಕೆ ಒಂದು. ಇನ್ನೂ ಎರಡು ನಿನ್ನ ಕಿಸೆಯಲ್ಲೇ ಉಳೀತದೆ.”

ಪಿಕ್ಕಾಸಿನ ಮಾತಿಗೂ ಹಿಂದಿನ ಒಂದು ಕತೆ ಇತ್ತು. ಎಲ್ಲೋ ಒಂದು ಬಾವಿಯಲ್ಲಿ ಮೇಲಿನಿಂದ ಬಿದ್ದ ಕಲ್ಲು ನೆಲದಲ್ಲಿದ್ದ ಪಿಕ್ಕಾಸಿನ ತುದಿಗೆ ತಾಗಿ, ಪಿಕ್ಕಾಸು ಹಾರಿ ಆಳಿನ ಮೊಣಕಾಲಿನ ಚಿಪ್ಪು ಒಡೆದಿತ್ತು. ಅಂದಿನಿಂದ ಕೂಗು ಕೇಳಿದರೆ ಮೊದಲು ಪಿಕ್ಕಾಸು ಎಂಬುದು ಸಂಕಪ್ಪನ ಕಟ್ಟಳೆ. ಧರ್ಣಪ್ಪ ಹೇಳಿದ್ದನ್ನು ಕೇಳುವ ಮಗ. ಅಪ್ಪ ಹೇಳಿದ್ದೆಂದರೆ ಅವನಿಗೆ ಮತ್ತೆ ಎರಡು ಮಾತಿಲ್ಲ.

ಕಲ್ಲು ಬಿದ್ದದ್ದು ಪಗ್ಗು ತಿಂಗಳ ಕಡುಬೇಸಗೆಯ ಒಂದು ಬೆಳಿಗ್ಗೆ, ಬಾವಿ ಇಪ್ಪತ್ತನಾಲ್ಕು ಕೋಲು ಮುಟ್ಟಿದ ವಾರ. ಸಂಕಪ್ಪ ಗೂಡಿನ ಪಕ್ಕದಲ್ಲೇ ಕಲ್ಲು ರಾಶಿ ಮಾಡುತ್ತಿದ್ದ, ಕೂಗು ಕೇಳಿದವನೇ ಒಳಗೆ ಸೇರಿದ. ಧರ್ಣಪ್ಪ ಆಚೆ ಮಗ್ಗುಲಲ್ಲಿ ಅಗೆಯುತ್ತಿದ್ದ. ಅವನು ತಲುಪಲಿಲ್ಲ.

ಬೊಜ್ಜದ ದಿನ ಊರವರು ಅಂಗಳದಲ್ಲಿ ಕೂತಿದ್ದಾಗ ಸಂಕಪ್ಪ ಮೊದಲ ಬಾರಿ ಬಾಯಿ ತೆರೆದ. ಅಳಲಿಲ್ಲ, ಗದರಲಿಲ್ಲ. ಬಾವಿಗೆ ಜಾಗ ತೋರಿಸುವಾಗ ಹೇಗೆ ಮಾತಾಡುತ್ತಿದ್ದನೋ ಹಾಗೆಯೇ ಹೇಳಿದ.

“ಕೂಗು ಕೇಳಿದ ಕೂಡಲೇ ನಾನು ಮನಸ್ಸಿನಲ್ಲಿ ಹೇಳಲಿಕ್ಕೆ ಸುರು ಮಾಡಿದ್ದೇನೆ. ಅದು ನನಗೆ ಅಭ್ಯಾಸ. ಒಂದು ಮಂಜುನಾಥ ಮುಗಿಯಿತು, ಇನ್ನೊಂದು ಅರ್ಧಕ್ಕೆ ಬಂತು, ಕಲ್ಲು ಬಿತ್ತು. ನಾಲ್ಕು ಇರಬೇಕಿತ್ತು. ಉಳಿದ ಎರಡೂವರೆ ಎಲ್ಲಿಗೆ ಹೋಯಿತು? ಬಾವಿಯ ಒಳಗೆ ಹೋಗಲಿಲ್ಲ. ಮೇಲೆ ಹೋಯಿತು. ಇವಳು ನೋಡ್ತಾ ನಿಂತಳು.” ಆಮೇಲೆ, “ಹುಡುಗನದ್ದು ಏನೂ ತಪ್ಪಿಲ್ಲ. ಕಡೇ ಗಳಿಗೆಯಲ್ಲೂ ಪಿಕ್ಕಾಸನ್ನು ಗೋಡೆಗೆ ಒರಗಿಸಿಯೇ ಹೊರಟಿದ್ದ. ಅಂಥ ಕೆಲಸಗಾರ ಅವನು” ಎಂದ.

ಸಂಕಪ್ಪನ ಲೆಕ್ಕಕ್ಕೆ ಎದುರಾಡುವವರು ಆ ಅಂಗಳದಲ್ಲಿ ಯಾರಿದ್ದರು? ಎಲ್ಲರೂ ತುಕ್ರಪ್ಪನ ಕಡೆ ನೋಡಿದರು. ಬುಟ್ಟಿ ಎಳೆಯುವವನು ಹಗ್ಗವನ್ನು ಹೆಗಲಿಗೆ ಹಾಕಿ ಬಾವಿಗೆ ಬೆನ್ನು ಮಾಡಿ ದೂರ ನಡೆಯುತ್ತಾ ಹೋಗಬೇಕು. ಕೂಗು ಕೇಳಿ ತಿರುಗಿದ್ದು ಹೌದು, ಅದಕ್ಕೆ ಮೊದಲು ಏನಾಯಿತೆಂದು ಹೇಳಲಿಕ್ಕೆ ತನಗೆ ಹಿಂದೆ ಕಣ್ಣಿಲ್ಲ ಎಂದ. ಅವನು ಸುಳ್ಳು ಹೇಳಿರಲಿಲ್ಲ. ಆದರೆ ಆ ಮಾತಿನಿಂದ ಪೂವಮ್ಮನ ಪರವಾಗಿ ಒಬ್ಬರೂ ಇಲ್ಲ ಎಂದಾಯಿತು.

ಅವಳು ಧರ್ಮಸ್ಥಳಕ್ಕೆ ಹೋಗಿ ಆಣೆ ಹಾಕುತ್ತೇನೆಂದಳು. ಆ ಕಡೆಯಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ. ಅಲ್ಲಿ ಸುಳ್ಳು ಆಣೆ ಹಾಕಿದವರ ಮನೆ ಉಳಿಯುವುದಿಲ್ಲ ಎಂಬುದು ಎಲ್ಲರ ನಂಬಿಕೆ. ಸಂಕಪ್ಪ ಮಾತ್ರ, ಆಣೆ ಗೀಣೆ ಏನೂ ಬೇಡ, ನನ್ನ ಮನೆಯಿಂದ ಯಾರೂ ಅಲ್ಲಿಗೆ ಹೋಗುವುದಿಲ್ಲ ಎಂದು ಎದ್ದು ಹೋದ. ಗಂಡನೇ ಬೇಡ ಎಂದ ಮೇಲೆ ಇನ್ನು ಹೇಳುವುದಕ್ಕೇನುಂಟು ಎಂದು ಊರವರು ತೀರ್ಮಾನಿಸಿದರು.

ಮನೆಯಲ್ಲಿ ಸೇಸಮ್ಮ ಇದ್ದಳು, ಸಂಕಪ್ಪನ ಅಕ್ಕ, ಗಂಡ ಸತ್ತ ಮೇಲೆ ತಮ್ಮನ ಜತೆ ಇದ್ದವಳು. ಅವಳ ಬಾಯಿಗೆ ಬಿಡುವಿರಲಿಲ್ಲ. “ನೀರು ಬೇಕು ನೀರು ಬೇಕು ಅಂತ ಕುಣಿದವಳಿಗೆ ಈಗ ತಂಪಾಯ್ತಲ್ಲ” ಎಂದಳು ಒಮ್ಮೆ. ಆ ಮಳೆಗಾಲದಲ್ಲಿ ಬಾವಿಗೆ ನೀರು ಬಂದಿತ್ತು. ಯಾರೂ ಮತ್ತೆ ಪಿಕ್ಕಾಸು ಹಾಕಲಿಲ್ಲ, ಅಡಿಯ ಬಂಡೆಯ ಬಿರುಕಿನಲ್ಲಿ ತನ್ನಷ್ಟಕ್ಕೆ ಒಸರಿತು. ಒಂದು ವರ್ಷ ಆ ನೀರನ್ನು ಯಾರೂ ಮುಟ್ಟಲಿಲ್ಲ. ತಂತ್ರಿಗಳನ್ನು ಕರೆದು ಶುದ್ಧ ಮಾಡಿಸಿದ ಮೇಲೂ ಪೂವಮ್ಮ ಗುಡ್ಡ ಇಳಿದೇ ಹೋಗುತ್ತಿದ್ದಳು. ಆಮೇಲೆ ಒಂದು ಬೇಸಗೆ ಎಲ್ಲ ಕಡೆ ನೀರು ಬತ್ತಿತು. ಮೊದಲ ಕೊಡಪಾನ ಎಳೆದ ದಿನ ಅವಳು ಊಟ ಮಾಡಲಿಲ್ಲ.

ಸಂಕಪ್ಪ ಅವಳೊಡನೆ ಮಾತು ಬಿಟ್ಟ. ಬಡಿಯಲಿಲ್ಲ, ಬೈಯಲಿಲ್ಲ, ಮನೆಯಿಂದ ಹೋಗು ಎನ್ನಲಿಲ್ಲ. ಹೇಳುವುದನ್ನು ಸೇಸಮ್ಮನಿಗೆ ಹೇಳುತ್ತಿದ್ದ, ಅವಳಿಲ್ಲದಾಗ ನಾಯಿಗೆ. “ಉಪ್ಪು ಕಮ್ಮಿ ಆಗಿದೆ” ಎಂದು ಅವನು ನಾಯಿಗೆ ಹೇಳುವುದು, ಪೂವಮ್ಮ ಉಪ್ಪು ತಂದು ಬಾಳೆಲೆಯ ತುದಿಗೆ ಇಡುವುದು. ಹೊರಗಿನವರು ನೋಡಿದರೆ ನಗಬಹುದಿತ್ತು. ಅವನು ಬಾವಿಯ ಕೆಲಸಕ್ಕೆ ಮತ್ತೆ ಹೋಗಲಿಲ್ಲ, ಜಗಲಿಯಲ್ಲಿ ಕೂತು ಬುಟ್ಟಿ ಹೆಣೆಯುವುದಕ್ಕೆ ತೊಡಗಿದ.

ವರ್ಷಗಳು ಹೀಗೆ ಹೋದವು. ಎಲ್ಲಕ್ಕಿಂತ ಕೆಟ್ಟದ್ದು ಏನೆಂದರೆ, ಹೋಗುತ್ತಾ ಹೋಗುತ್ತಾ ಪೂವಮ್ಮನಿಗೇ ತನ್ನ ಮೇಲೆ ಅನುಮಾನ ಹುಟ್ಟಿತು. ಇಷ್ಟು ಜನ ಹೇಳುವಾಗ, ಲೆಕ್ಕವೂ ಹಾಗೇ ಹೇಳುವಾಗ, ನಿಂತದ್ದೇ ಹೌದೋ ಏನೋ. ಕಲ್ಲು ವಾಲಿದ್ದು, ಕೈ ಹಾಕಿದ್ದು, ಕೂಗಿದ್ದು ಎಲ್ಲವೂ ಒಟ್ಟಿಗೇ ಆದ ಹಾಗಿತ್ತಲ್ಲ. ಈಗ ನೆನೆಸಿಕೊಂಡರೆ ವಾಲಿದ ಕಲ್ಲು ಬುಟ್ಟಿಯ ಅಂಚಿನಲ್ಲಿ ಬಹಳ ಹೊತ್ತು ನಿಲ್ಲುತ್ತಿತ್ತು, ಅವಳು ಅದನ್ನು ನೋಡುತ್ತಲೇ ಇರುತ್ತಿದ್ದಳು. ಕೂಗು ಗಂಟಲಿನಿಂದ ಹೊರಡುತ್ತಲೇ ಇರಲಿಲ್ಲ.

ಆರೇಳು ವರ್ಷದ ಮೇಲೆ ಪದವಿನ ಆಚೆ ಬದಿಗೆ ನಾರಾಯಣಮೂರ್ತಿ ಎಂಬ ಮಾಷ್ಟ್ರು ಬಂದು ಬಾಡಿಗೆಗೆ ನಿಂತರು. ಮೂಡುಬಿದಿರೆಯವರು, ಹೈಸ್ಕೂಲಿನಲ್ಲಿ ಪಾಠ ಹೇಳುವವರು. ಪೂವಮ್ಮ ಅವರ ಮನೆಯ ಪಾತ್ರೆ ತೊಳೆಯುವ ಕೆಲಸಕ್ಕೆ ಸೇರಿದಳು. ಬೆಳಿಗ್ಗೆ ಜಗಲಿಯಲ್ಲಿ ನಾಲ್ಕೈದು ಮಕ್ಕಳು ಟ್ಯೂಷನ್ನಿಗೆ ಕೂರುತ್ತಿದ್ದರು. ಅವಳು ಅಂಗಳದ ಮೂಲೆಯಲ್ಲಿ ಬೂದಿ ಹಚ್ಚಿ ಪಾತ್ರೆ ತಿಕ್ಕುತ್ತಾ ಕೇಳುತ್ತಿದ್ದಳು. ಅರ್ಧ ತಿಳಿಯುತ್ತಿರಲಿಲ್ಲ. ಮಾತಾಡುವವರ ದನಿ ಕಿವಿಗೆ ಬೀಳುವುದೇ ಅವಳಿಗೆ ಸಾಕಾಗಿತ್ತು.

ಒಂದು ದಿನ ಮಾಷ್ಟ್ರು, ಬೀಳುವ ವಸ್ತು ಒಂದೇ ವೇಗದಲ್ಲಿ ಬೀಳುವುದಿಲ್ಲ ಎಂದು ಹೇಳಿಕೊಡುತ್ತಿದ್ದರು. ಘಾಟಿಯಲ್ಲಿ ಬ್ರೇಕು ತಪ್ಪಿದ ಬಸ್ಸಿನ ಹಾಗೆ ಅದಕ್ಕೆ ಗಳಿಗೆ ಗಳಿಗೆಗೂ ವೇಗ ಏರುತ್ತಲೇ ಹೋಗುತ್ತದೆ. ಮೊದಲ ಸೆಕೆಂಡಿನಲ್ಲಿ ಹದಿನಾರು ಅಡಿ ಬೀಳುತ್ತದೆ. ಎರಡನೆಯ ಸೆಕೆಂಡಿನಲ್ಲಿ ಅದರ ಮೂರರಷ್ಟು, ನಲವತ್ತೆಂಟು. ಆದ್ದರಿಂದ ಎತ್ತರ ನಾಲ್ಕು ಪಟ್ಟಾದರೆ ಹೊತ್ತು ನಾಲ್ಕು ಪಟ್ಟಾಗುವುದಿಲ್ಲ, ಎರಡೇ ಪಟ್ಟಾಗುತ್ತದೆ ಎಂದರು. ಮಕ್ಕಳು ಬರೆದುಕೊಂಡರು. ಅಂಗಳದ ಮೂಲೆಯಲ್ಲಿ ಪಾತ್ರೆ ತಿಕ್ಕುವ ಸದ್ದು ನಿಂತಿತು.

ಮಕ್ಕಳು ಹೋಗುವವರೆಗೆ ಪೂವಮ್ಮ ಕಾದಳು. ಆಮೇಲೆ ಸೆರಗಿಗೆ ಕೈ ಒರೆಸುತ್ತಾ ಜಗಲಿಯ ಕೆಳಗೆ ಬಂದು ನಿಂತಳು.

“ಮಾಷ್ಟ್ರೇ, ಆರು ಕೋಲಿನ ಬಾವಿಗೆ ಕಲ್ಲು ಬಿದ್ದರೆ ಎಷ್ಟು ಹೊತ್ತು ಬೇಕು?”

ಮಾಷ್ಟ್ರು ಕೋಲೆಂದರೆ ಎಷ್ಟಡಿ ಎಂದು ಕೇಳಿ ಲೆಕ್ಕ ಹಾಕಿದರು. “ಒಂದು ಸೆಕೆಂಡು, ಪೂವಮ್ಮ. ಯಾಕೆ?”

“ಇಪ್ಪತ್ತನಾಲ್ಕು ಕೋಲಿಗೆ?”

“ಎರಡು. ಎರಡಕ್ಕೂ ಒಂದು ಕೂದಲು ಕಮ್ಮಿ.”

“ನಾಲ್ಕು ಅಲ್ವಾ?”

“ಅಲ್ಲವೇ ಅಲ್ಲ.”

ಅವಳು, ಕಲ್ಲು ದೊಡ್ಡದಿದ್ದರೆ ಬೇರೆ ಲೆಕ್ಕವೋ ಎಂದು ಕೇಳಿದಳು. ಮಾಷ್ಟ್ರಿಗೆ ಹುರುಪು ಬಂತು. ಒಳಗಿನಿಂದ ಒಂದು ತೆಂಗಿನಕಾಯಿ, ಒಂದು ಅಡಿಕೆ ತಂದು, ಜಗಲಿಯ ದಂಡೆ ಹತ್ತಿ ಎರಡು ಕೈಯನ್ನೂ ಎತ್ತಿ ಒಟ್ಟಿಗೆ ಬಿಟ್ಟರು. ಎರಡೂ ಒಟ್ಟಿಗೇ ನೆಲ ಮುಟ್ಟಿದವು. ತೆಂಗಿನಕಾಯಿ ಒಡೆದು ನೀರು ಹರಿಯಿತು. ಅವರ ಹೆಂಡತಿ ಬಾಗಿಲಿಗೆ ಬಂದು, ನಾಳೆಯ ಪಲ್ಯಕ್ಕೆ ಇಟ್ಟ ಕಾಯಿ ಅದು, ಮಕ್ಕಳು ಹೋದ ಮೇಲೂ ನಿಮ್ಮ ಪಾಠ ಮುಗಿಯುವುದಿಲ್ಲವಾ ಎಂದಳು. ಪೂವಮ್ಮ ಒಡೆದ ಕಾಯಿಯ ಪಕ್ಕದಲ್ಲಿ ಹಾಗೇ ಕುಕ್ಕರಿಸಿದಳು. ಅವಳು ಅಳುತ್ತಿರುವುದನ್ನು ನೋಡಿ ಗಂಡ ಹೆಂಡತಿ ಇಬ್ಬರೂ ಗಾಬರಿಯಾದರು.

ಅಂದು ಅವಳು ಮೊದಲಿನಿಂದ ಕಡೆಯವರೆಗೆ ಎಲ್ಲವನ್ನೂ ಹೇಳಿದಳು. ಮಾಷ್ಟ್ರು ಇನ್ನೊಮ್ಮೆ ಲೆಕ್ಕ ಹಾಕಿದರು. ಕೆಳಗಿದ್ದವನು ಒಂದೂವರೆ ಮಾತು ಎಣಿಸಿದ್ದ. ಕಲ್ಲಿಗೆ ಬೇಕಾದದ್ದೇ ಎರಡು ಮಾತಿನ ಹೊತ್ತು. ಹಾಗಾದರೆ ಇವಳು ಕಲ್ಲು ಅಂಚು ಬಿಟ್ಟು ಅರ್ಧ ಮಾತಿನೊಳಗೆ ಕೂಗಿದ್ದಾಳೆ. ಅದಕ್ಕಿಂತ ಬೇಗ ಕೂಗಲಿಕ್ಕೆ ಮನುಷ್ಯರಿಂದ ಆಗುವುದಿಲ್ಲ ಎಂದರು.

“ಇದನ್ನು ನಮ್ಮವರ ಎದುರು ಬಂದು ಹೇಳ್ತೀರಾ ಮಾಷ್ಟ್ರೇ? ನಾನು ಹೇಳಿದರೆ ಕೇಳುವುದಿಲ್ಲ. ನಿಮ್ಮದು ಲೆಕ್ಕ. ಲೆಕ್ಕ ಹೇಳಿದರೆ ಕೇಳ್ತಾರೆ.”

ಆದಿತ್ಯವಾರ ಬರುತ್ತೇನೆಂದು ಅವರು ಮಾತು ಕೊಟ್ಟರು. ಆ ನಡುವಿನ ದಿನಗಳಲ್ಲಿ ಪೂವಮ್ಮ ನಡೆಯುವ ರೀತಿಯೇ ಬೇರೆಯಾಗಿತ್ತು. ಸೇಸಮ್ಮ ಏನೋ ಅಂದಾಗ ತಲೆ ತಗ್ಗಿಸಲಿಲ್ಲ. ಸಂಕಪ್ಪ ನಾಯಿಗೆ, ನೀರು ಕೊಡು ಎಂದಾಗ, ಇನ್ನು ಎರಡು ದಿನ, ಆಮೇಲೆ ನನ್ನನ್ನೇ ಕೇಳುತ್ತಾರೆ ಎಂದು ಮನಸ್ಸಿನಲ್ಲೇ ಅಂದುಕೊಂಡಳು. ಲೆಕ್ಕದಲ್ಲಿ ಅವಳಿಗೆ ಕಂಡದ್ದು ತನ್ನ ಪಾಲಿನದ್ದು ಮಾತ್ರ. ಇನ್ನೊಂದು ಪಾಲು ಯಾರ ತಲೆಗೆ ಹೋಗುತ್ತದೆ ಎಂದು ಅವಳಿಗೆ ಹೊಳೆಯಲಿಲ್ಲ. ಮಾಷ್ಟ್ರಿಗೂ ಹೊಳೆಯಲಿಲ್ಲ.

ಮಾಷ್ಟ್ರು ಬಂದರು. ಸಂಕಪ್ಪ ಬುಟ್ಟಿ ಹೆಣೆಯುವುದನ್ನು ಬಿಟ್ಟು ಎದ್ದು, ಚಾಪೆ ಹಾಕಿ ಕೂರಿಸಿದ. ಅವರು ಹೇಳುವುದನ್ನು ನಡುವೆ ಬಾಯಿ ಹಾಕದೆ ಕೇಳಿದ. ಕೇಳುತ್ತಾ ಕೇಳುತ್ತಾ ಅವನ ಕೈ ಬೆತ್ತದ ಸಿಬಿರನ್ನು ಸಣ್ಣ ಸಣ್ಣಕ್ಕೆ ಮುರಿಯುತ್ತಿತ್ತು. ಪುಸ್ತಕದ ಮಾತು ಎಂದು ಅವನು ತಳ್ಳಿ ಹಾಕಿದ್ದರೆ ಎಲ್ಲರಿಗೂ ಒಳ್ಳೆಯದಿತ್ತೋ ಏನೋ. ಅವನು ಹಾಗೆ ಮಾಡುವವನಲ್ಲ. ಎದ್ದು ಹಿತ್ತಿಲಿಗೆ ಹೋದ. ಬೇಸಗೆಯ ಕಡೆಗಾಲ, ಬಾವಿಯ ಅಡಿಯಲ್ಲಿ ಮೊಳಕಾಲುದ್ದ ನೀರು ಮಾತ್ರ ಇತ್ತು. ಕಟ್ಟೆಯ ಪಕ್ಕದಿಂದ ಒಂದು ಮುರಕಲ್ಲಿನ ತುಂಡು ಹೆಕ್ಕಿದ. ಕುಡಿಯುವ ನೀರಿಗೆ ಕಲ್ಲು ಹಾಕ್ತೀಯಾ ತಮ್ಮಾ ಎಂದು ಸೇಸಮ್ಮ ಓಡಿ ಬಂದಳು. ಅವನಿಗೆ ಕೇಳಿಸಲಿಲ್ಲ.

ಕಲ್ಲು ಬಿಟ್ಟ. “ಸ್ವಾಮಿ ಮಂಜುನಾಥ. ಸ್ವಾಮಿ ಮಂಜುನಾ...” ಕೆಳಗೆ ನೀರು ಸಿಡಿಯಿತು.

ಇನ್ನೊಂದು ಕಲ್ಲು ಬಿಟ್ಟ. ಹಾಗೇ ಆಯಿತು. ದೊಡ್ಡದೊಂದನ್ನು ಎರಡು ಕೈಯಲ್ಲಿ ಎತ್ತಿ ತಂದು ಬಿಟ್ಟ. ಮಾತನ್ನು ಬೇಗ ಬೇಗ ಹೇಳಿ ನೋಡಿದ, ನಿಧಾನ ಹೇಳಿ ನೋಡಿದ. ಮೂರನ್ನು ಒಮ್ಮೆಯೂ ಮುಟ್ಟಲಿಲ್ಲ. ಕಟ್ಟೆಯ ಪಕ್ಕದ ಕಲ್ಲೆಲ್ಲ ಮುಗಿದ ಮೇಲೆ ರಾಟೆಯ ಕಂಬ ಹಿಡಿದುಕೊಂಡು ನಿಂತ. ಆ ಬೆಳಿಗ್ಗೆ ಪೂವಮ್ಮ ಹಿಡಿದದ್ದೂ ಅದೇ ಕಂಬ.

ಮಾಷ್ಟ್ರಿಗೆ ಲೆಕ್ಕ ಸರಿಯಾದ ಖುಷಿ. “ನೋಡಿದ್ರಲ್ಲ ಸಂಕಪ್ಪಣ್ಣ, ಇವರು ತಡ ಮಾಡಿದ್ದಲ್ಲ” ಎಂದರು.

ಸಂಕಪ್ಪ ತಿರುಗಿ ಪೂವಮ್ಮನನ್ನು ನೋಡಿದ. ಅಷ್ಟು ವರ್ಷದ ಮೇಲೆ ಅವಳ ಮುಖಕ್ಕೆ ನೇರವಾಗಿ ಹೇಳಿದ ಮೊದಲ ಮಾತು, “ನಿನ್ನದಲ್ಲ” ಎಂದು. ಅದನ್ನು ಕೇಳಲಿಕ್ಕಾಗಿಯೇ ಅವಳು ಬದುಕಿದ್ದಳು ಎಂದರೂ ಸರಿ. ಆದರೆ ಆ ಮಾತು ಅವಳ ಎದೆಗೆ ಇಳಿಯುವ ಮೊದಲೇ ಅವನು ಇನ್ನೊಂದನ್ನು ಹೇಳಿದ.

“ಪಿಕ್ಕಾಸು ಒರಗಿಸ್ತಿದ್ದ ಮಾಷ್ಟ್ರೇ. ನಾನು ಗೂಡಿನ ಒಳಗಿಂದ ನೋಡ್ತಾ ಇದ್ದೆ. ನಿಧಾನಕ್ಕೆ ಒರಗಿಸ್ತಿದ್ದ. ಅವಸರ ಇಲ್ಲ ಅಂತ ಹೇಳಿಕೊಟ್ಟದ್ದು ನಾನು.”

ಮಾಷ್ಟ್ರ ಮುಖ ಬೆಳ್ಳಗಾಯಿತು. ಚಪ್ಪಲಿ ಹುಡುಕಿ ಹಾಕಿಕೊಂಡು, ಪದವಿನ ಬಿಸಿಲಿನಲ್ಲಿ ತಲೆ ತಗ್ಗಿಸಿ ಹೋದರು. ಚಹಾಕ್ಕೆ ಇಟ್ಟ ನೀರು ಒಲೆಯ ಮೇಲೆ ಕುದಿದು ಕುದಿದು ಆರಿತು.

ಅಂದು ಸಂಜೆ ಪೂವಮ್ಮ ಅವನ ಹತ್ತಿರ ಕೂತು, ನಿಮಗೆ ಗೊತ್ತಿರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ ಎಂದಳು. ಅವನು ತಲೆಯಾಡಿಸಿದ. ಧರ್ಮಸ್ಥಳಕ್ಕೆ ಹೋಗಬೇಡ ಎಂದದ್ದು ಯಾಕೆಂದು ಗೊತ್ತಾ ಎಂದು ಕೇಳಿದ. ತಡ ಮಾಡಿದ್ದು ನೀನೇ ಎಂದು ನಂಬಿದ್ದೆ, ಸುಳ್ಳು ಆಣೆ ಹಾಕಿ ನೀನೂ ಹೋದರೆ ನನಗೆ ಯಾರಿದ್ದಾರೆ ಎಂದು ಹೆದರಿದ್ದೆ ಎಂದ. ಇಷ್ಟು ವರ್ಷ ಮಾತು ಬಿಟ್ಟು ಕೂತವನ ಒಳಗೆ ಇಂಥದ್ದೊಂದು ಇತ್ತು. ಅದು ಅವಳಿಗೆ ಗೊತ್ತಾಗುವ ಹೊತ್ತಿಗೆ ಅವನು ಅವಳ ಕೈಗೆ ಸಿಗದಷ್ಟು ದೂರ ಹೋಗಿದ್ದ.

ಆಮೇಲೆ ಒಮ್ಮೆ ಮಾತ್ರ ಅವನು ಮನೆ ಬಿಟ್ಟು ಹೊರಟ. ವಾಮದಪದವಿನ ಕಡೆ ಒಂದು ಬಾವಿ ಆಳಕ್ಕೆ ಇಳಿಯುತ್ತಿದೆ ಎಂದು ಕೇಳಿ, ಊರುಗೋಲು ಹಿಡಿದು ನಡೆದುಕೊಂಡೇ ಹೋದ. ಆ ಹುಡುಗರಿಗೆ, ನಾಲ್ಕಲ್ಲ, ಎರಡೇ, ಪಿಕ್ಕಾಸು ಬಿಸಾಡಿ ಓಡಿ ಎಂದು ಹೇಳಿದ. ಅವರು ಮರ್ಯಾದೆ ಕೊಟ್ಟು ಕೂರಿಸಿ ಬೆಲ್ಲ ನೀರು ಕೊಟ್ಟರು. ಅವರ ಪೈಕಿ ದೊಡ್ಡವನು ಹೇಳಿದನಂತೆ: “ಅಜ್ಜೆರೇ, ನಾವು ಸಂಕಪ್ಪಣ್ಣನ ಲೆಕ್ಕದಲ್ಲೇ ಕೆಲಸ ಮಾಡುವವರು. ಆರು ಕೋಲಿಗೆ ಒಂದು. ನೀವು ಹೆದರಬೇಡಿ.” ನಾನೇ ಸಂಕಪ್ಪ ಎಂದರೆ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಂಜೆ ಮನೆಗೆ ಬಂದವನು ಕಾಲು ತೊಳೆಯದೆ ಜಗಲಿಯಲ್ಲಿ ಕೂತ. ಮತ್ತೆ ಎಲ್ಲಿಗೂ ಹೋಗಲಿಲ್ಲ. ಬುಟ್ಟಿಯನ್ನೂ ಹೆಣೆಯಲಿಲ್ಲ.

ಸೇಸಮ್ಮನ ಮಾತಿನ ಹೊರಳು ಬದಲಾಯಿತು. “ಅಷ್ಟು ವರ್ಷ ತಡೆದವಳಿಗೆ ಇನ್ನು ಸ್ವಲ್ಪ ತಡೀಲಿಕ್ಕೆ ಆಗಲಿಲ್ವಾ? ಮಾಷ್ಟ್ರನ್ನು ಕರಕೊಂಡು ಬಂದು ನನ್ನ ತಮ್ಮನನ್ನು ಜೀವಂತ ಹೂತು ಹಾಕಿದಳು” ಎಂದಳು. ಪೂವಮ್ಮ ಈ ಬಾರಿ ಎದುರಾಡಲಿಲ್ಲ. ಆಣೆಯ ಮಾತನ್ನೂ ಎತ್ತಲಿಲ್ಲ. ಮಾಷ್ಟ್ರ ಮನೆಯ ಕೆಲಸ ಬಿಟ್ಟಳು. ತಪ್ಪಿಲ್ಲದವಳಾಗಿ ಅವಳಿಗೆ ಸಿಕ್ಕಿದ್ದು ಇಷ್ಟೇ. ಮುಂಚೆ ಗಂಡ ಅವಳನ್ನು ನೋಡಿ ಮುಖ ತಿರುಗಿಸುತ್ತಿದ್ದ. ಈಗ ಅವಳು ಎಲ್ಲಿ ನಿಂತಿದ್ದರೂ ಅವಳನ್ನು ದಾಟಿ ಹಿಂದಿನ ಬಾವಿಯ ಕಡೆಗೇ ನೋಡುತ್ತಿದ್ದ.

ಬಾವಿಗೆ ಕೊಡಪಾನ ಇಳಿಸುವಾಗ ಯಾರೇ ಆದರೂ ಹಗ್ಗವನ್ನು ಸಡಿಲ ಬಿಡುತ್ತಾರೆ. ರಾಟೆ ಗಿರ್ರೆಂದು ತಿರುಗುತ್ತದೆ, ಕೊಡಪಾನ ತನ್ನಷ್ಟಕ್ಕೆ ಹೋಗಿ ನೀರಿಗೆ ಬೀಳುತ್ತದೆ. ಪೂವಮ್ಮನೂ ಹಾಗೇ ಬಿಡುತ್ತಿದ್ದಳು. ಒಂದು ಬೆಳಿಗ್ಗೆ ರಾಟೆ ತಿರುಗುವಾಗ ಅವಳು ತಲೆ ಎತ್ತಿ ನೋಡಿದಳು. ಸಂಕಪ್ಪ ಹಿಂದಿನ ಬಾಗಿಲಿನ ಮೆಟ್ಟಿಲಲ್ಲಿ ಕೂತಿದ್ದ. ತುಟಿ ಆಡುತ್ತಿತ್ತು. ಕೊಡಪಾನ ನೀರಿಗೆ ಬಿದ್ದ ಶಬ್ದ ಬಂದಾಗ ತುಟಿ ಅರ್ಧಕ್ಕೆ ನಿಂತಿತು, ಎರಡು ಕೈಯೂ ಮೊಣಕಾಲನ್ನು ಗಟ್ಟಿ ಹಿಡಿದವು. ಅವಳು ಎರಡನೆಯ ಕೊಡಪಾನ ಬಿಟ್ಟಾಗಲೂ ಹಾಗೇ ಆಯಿತು.

ಮರುದಿನದಿಂದ ಅವಳು ಹಗ್ಗ ಸಡಿಲ ಬಿಡಲಿಲ್ಲ. ಒಂದು ಕೈ ಹಿಡಿದು, ಇನ್ನೊಂದು ಕೈ ಬಿಟ್ಟು, ಮತ್ತೆ ಅದನ್ನು ಹಿಡಿದು ಇದನ್ನು ಬಿಟ್ಟು, ಇಪ್ಪತ್ತನಾಲ್ಕು ಕೋಲು ಹಗ್ಗವನ್ನು ಮೊಳ ಮೊಳವಾಗಿ ಇಳಿಸತೊಡಗಿದಳು. ರಾಟೆ ಕೂಗದ ಹಾಗೆ ಅದಕ್ಕೆ ತೆಂಗಿನೆಣ್ಣೆ ಹಾಕಿದಳು. ಅಂಗೈ ಮೊದಲು ಕೆಂಪಾಯಿತು, ಆಮೇಲೆ ಗಟ್ಟಿಯಾಯಿತು.

ಇವತ್ತೂ ಇಳಿಸುತ್ತಿದ್ದಾಳೆ. ಒಳಗಿನಿಂದ ಸೇಸಮ್ಮ, ಅಕ್ಕಿ ನೆನೆಯಲಿಕ್ಕೆ ನೀರು ಇವತ್ತೇ ಬರ್ತದಾ ನಾಳೆಯಾ ಎಂದು ಕೇಳಿದಳು. ಪೂವಮ್ಮ ಇನ್ನೊಂದು ಮೊಳ ಹಗ್ಗ ಬಿಟ್ಟಳು. ಕೊಡಪಾನ ನೀರಿಗೆ ತಾಗಿದ್ದು ಹಗ್ಗದಲ್ಲಿ ತಿಳಿಯಿತು, ಕಿವಿಗೆ ಕೇಳಲಿಲ್ಲ. ಹಗ್ಗವನ್ನು ಸ್ವಲ್ಪ ಆಡಿಸಿ ಕೊಡಪಾನ ಮುಳುಗಿಸಿ, ಭಾರ ಬಂದ ಮೇಲೆ ಎಳೆದಳು. ಬಾಯಿಗೆ ಬಂದದ್ದನ್ನು ಎರಡು ಕೈಯಲ್ಲಿ ಹಿಡಿದು ಕಟ್ಟೆಯ ಮೇಲಿಟ್ಟು, ಹಂಡೆಗೆ ಸುರಿದಳು. ಹಂಡೆ ಅರ್ಧ ತುಂಬಿತು. ಕುಣಿಕೆಯನ್ನು ಮತ್ತೆ ಕೊಡಪಾನದ ಕತ್ತಿಗೆ ಬಿಗಿದು, ಎಳೆದು ನೋಡಿ, ಎರಡನೆಯದನ್ನು ಇಳಿಸಲಿಕ್ಕೆ ತೊಡಗಿದಳು.